ಬಾಹ್ಯಾಕಾಶದಲ್ಲಿ ಕ್ವಾಂಟಂ ದ್ಯುತಿ ಪ್ರಯೋಗಗಳು: ಭೌತಶಾಸ್ತ್ರದ ತಳಹದಿಯ ಪರೀಕ್ಷೆ

ಒಂದೊಂದೇ ಫೋಟಾನನ್ನು ಹುಟ್ಟಿಸಿ, ಅದರ ಸ್ಥಿತಿಯನ್ನು ಬೇಕಾದಂತೆ ಅಣಿಗೊಳಿಸಿ, ದೂರಕ್ಕೆ ಕಳಿಸಿ ಅಳೆಯುವ ವಿಜ್ಞಾನಶಾಖೆಗೆ ಕ್ವಾಂಟಂ ದ್ಯುತಿವಿಜ್ಞಾನ ಎಂದು ಹೆಸರು. ನೆಲಕ್ಕೂ ಉಪಗ್ರಹಕ್ಕೂ ನಡುವೆ ಇಂಥ ಫೋಟಾನ್‌ಗಳನ್ನು ಸಾಗಿಸಿ ಪ್ರಕೃತಿಯ ಮೂಲ ನಿಯಮಗಳನ್ನು ಒರೆಗೆ ಹಚ್ಚುವ ಕೆಲಸ ಸುಮಾರು ಒಂದು ದಶಕದಿಂದ ನಡೆಯುತ್ತಿದೆ. ಇಂದಿನ ಭೌತಶಾಸ್ತ್ರ ಎರಡು ಕಂಬಗಳ ಮೇಲೆ ನಿಂತಿದೆ. ಪರಮಾಣು ಮತ್ತು ಬೆಳಕಿನ ಕಣಗಳ ನಡವಳಿಕೆಯನ್ನು ಕ್ವಾಂಟಂ ಸಿದ್ಧಾಂತ ವಿವರಿಸುತ್ತದೆ. ಗುರುತ್ವ, ದೇಶಕಾಲದ ಬಾಗು, ಗಡಿಯಾರಗಳ ವೇಗ ಇವನ್ನು ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ವಿವರಿಸುತ್ತದೆ. ತಮ್ಮ ತಮ್ಮ ಸೀಮೆಯಲ್ಲಿ ಎರಡೂ ಈವರೆಗೆ ಸೋತಿಲ್ಲ. ಆದರೆ ಎರಡನ್ನೂ ಒಂದೇ ಚೌಕಟ್ಟಿನೊಳಗೆ ಕೂರಿಸುವ ಕೆಲಸ ದಶಕಗಳ ಶ್ರಮದ ನಂತರವೂ ಮುಗಿದಿಲ್ಲ. ಎರಡೂ ಸಿದ್ಧಾಂತಗಳ ಮಾತು ಒಟ್ಟಿಗೆ ಬೇಕಾಗುವ ಸನ್ನಿವೇಶ ಪ್ರಯೋಗಾಲಯದ ಮೇಜಿನ ಮೇಲೆ ಸಿಗುವುದು ಅಪರೂಪ. ಸಾವಿರಾರು ಕಿಲೋಮೀಟರು ದೂರ, ಸೆಕೆಂಡಿಗೆ ಏಳೆಂಟು ಕಿಲೋಮೀಟರು ವೇಗ, ಗಣನೀಯ ಗುರುತ್ವ ವ್ಯತ್ಯಾಸ ಇವು ಒಟ್ಟಾಗಿ ದೊರೆಯುವ ಜಾಗ ಕಕ್ಷೆ. ಅದಕ್ಕಾಗಿಯೇ ಈ ಪ್ರಯೋಗಗಳು ಕಕ್ಷೆಗೆ ಏರಿವೆ. ಅವುಗಳ ಸಾಧನೆಯನ್ನು ಕಿಲೋಮೀಟರುಗಳ ದಾಖಲೆಯಾಗಿ ವರದಿ ಮಾಡುವುದು ರೂಢಿಯಾಗಿದೆ. ಆ ಅಳತೆ ಸಾಲದು ಎಂಬುದು ಈ ಲೇಖನದ ವಾದ. ಪ್ರಯೋಗವೊಂದು ಯಾವ ನಿರ್ದಿಷ್ಟ ಪರ್ಯಾಯ ವಿಚಾರವನ್ನು ಪಣಕ್ಕಿಟ್ಟಿತು, ಫಲಿತಾಂಶ ಬೇರೆಯಾಗಿದ್ದರೆ ಯಾವ ನಂಬಿಕೆ ಕುಸಿಯುತ್ತಿತ್ತು ಎಂದು ಕೇಳಿದಾಗಲೇ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಆಕಾಶಮಾರ್ಗ ಏಕೆ

ನೆಲದ ಮೇಲೆ ಫೋಟಾನ್ ಸಾಗಿಸಲು ಇರುವ ಒಳ್ಳೆಯ ದಾರಿ ಆಪ್ಟಿಕಲ್ ಫೈಬರ್. ಉತ್ತಮ ದರ್ಜೆಯ ಫೈಬರಿನಲ್ಲೂ ಪ್ರತಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ನಷ್ಟವಾಗುತ್ತದೆ. 100 ಕಿ.ಮೀ. ದಾಟುವಷ್ಟರಲ್ಲಿ ನೂರರಲ್ಲಿ ಒಂದು ಫೋಟಾನ್ ಉಳಿಯುತ್ತದೆ. ಮುಂದಿನ ಪ್ರತಿ ನೂರು ಕಿಲೋಮೀಟರಿಗೂ ಉಳಿದದ್ದರ ನೂರನೇ ಒಂದು ಪಾಲು ಮಾತ್ರ ಮುಂದೆ ಹೋಗುತ್ತದೆ. ಈ ಲೆಕ್ಕದಲ್ಲಿ 1,200 ಕಿ.ಮೀ. ಉದ್ದದ ಫೈಬರಿನೊಳಕ್ಕೆ ಸೆಕೆಂಡಿಗೆ ಸಾವಿರ ಕೋಟಿ ಫೋಟಾನ್ ತುಂಬಿದರೂ ಆಚೆ ತುದಿಯಲ್ಲಿ ಒಂದು ಫೋಟಾನ್ ಕಾಣಲು ಸರಾಸರಿ 30 ಲಕ್ಷ ವರ್ಷ ಕಾಯಬೇಕು. ದೂರಸಂಪರ್ಕ ಜಾಲದಲ್ಲಿ ಮಾಡುವಂತೆ ನಡುನಡುವೆ ವರ್ಧಕ ಇಟ್ಟು ಈ ನಷ್ಟ ತುಂಬಿಕೊಳ್ಳಲು ಬರುವುದಿಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ಕರಾರುವಾಕ್ಕಾದ ನಕಲು ತೆಗೆಯುವುದು ಅಸಾಧ್ಯ ಎಂದು 1982ರಲ್ಲೇ ಸಾಧಿಸಿ ತೋರಿಸಲಾಗಿದೆ. ಆಕಾಶಮಾರ್ಗದ ನಷ್ಟ ಬೇರೆ ಬಗೆಯದು. ವಾತಾವರಣದ ಸುಮಾರು ಮುಕ್ಕಾಲು ಪಾಲು ಗಾಳಿ ಮೊದಲ ಹತ್ತು ಹನ್ನೊಂದು ಕಿಲೋಮೀಟರಿನೊಳಗೇ ಇದೆ. ಅದನ್ನು ದಾಟಿದ ಮೇಲೆ ಬೆಳಕನ್ನು ಹೀರುವ ವಸ್ತು ಇಲ್ಲವೇ ಇಲ್ಲ ಎನ್ನಬಹುದು. ಉಳಿಯುವುದು ಕಿರಣ ಹರಡಿಕೊಳ್ಳುವ ನಷ್ಟ. ಅದು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಯೇ ಹೊರತು ಫೈಬರಿನಂತೆ ಘಾತೀಯವಾಗಿ ಅಲ್ಲ.

ಬೆಲ್ ಪರೀಕ್ಷೆ ಕಕ್ಷೆಗೆ ಏರಿದ್ದು

ಎರಡು ಫೋಟಾನ್‌ಗಳನ್ನು ಒಂದರ ಸ್ಥಿತಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳಲಾಗದಂತೆ ಒಟ್ಟಿಗೆ ಹುಟ್ಟಿಸಬಹುದು. ಎಂಟ್ಯಾಂಗಲ್‌ಮೆಂಟ್ ಎನ್ನುವ ಈ ತಳುಕಿನಿಂದಾಗಿ, ಅವನ್ನು ಎಷ್ಟೇ ದೂರ ಒಯ್ದು ಅಳೆದರೂ ಫಲಿತಾಂಶಗಳ ನಡುವೆ ನಂಟು ಕಾಣುತ್ತದೆ. 1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಮೂವರೂ ಇದನ್ನೇ ಆಧಾರವಾಗಿಟ್ಟುಕೊಂಡು ಕ್ವಾಂಟಂ ಸಿದ್ಧಾಂತ ಅಪೂರ್ಣ ಎಂದು ವಾದಿಸಿದರು. ಫೋಟಾನ್‌ಗಳು ತಮ್ಮ ಉತ್ತರಗಳನ್ನು ಹುಟ್ಟುವಾಗಲೇ ಹೊತ್ತು ಬಂದಿದ್ದರೆ, ಬೆಳಕಿಗಿಂತ ವೇಗವಾಗಿ ಯಾವ ಪ್ರಭಾವವೂ ಹರಿಯದಿದ್ದರೆ, ಆ ನಂಟಿಗೊಂದು ಮಿತಿ ಇರಲೇಬೇಕು ಎಂದು 1964ರಲ್ಲಿ ಜಾನ್ ಬೆಲ್ ತೋರಿಸಿದರು. 1969ರಲ್ಲಿ ಕ್ಲೌಸರ್ ಮತ್ತು ಸಂಗಡಿಗರು ಪ್ರಯೋಗಕ್ಕೆ ಒದಗುವಂತೆ ರೂಪಿಸಿದ ಸೂತ್ರದಲ್ಲಿ ಆ ಮಿತಿ 2. ಕ್ವಾಂಟಂ ಸಿದ್ಧಾಂತದ ಪ್ರಕಾರ ಅದು 2.83ರವರೆಗೆ ಹೋಗಬಹುದು. ತತ್ತ್ವಚರ್ಚೆಯಾಗಿದ್ದದ್ದು ಹೀಗೆ ಒಂದು ಸಂಖ್ಯೆಯ ಪ್ರಶ್ನೆಯಾಯಿತು. ಕ್ಲೌಸರ್, ಆಸ್ಪೆ, ಝೈಲಿಂಗರ್ ಇವರ ಪ್ರಯೋಗಗಳು ಮಿತಿ ಮುರಿಯುವುದನ್ನು ತೋರಿಸಿದವು. 2015ರಲ್ಲಿ ಡೆಲ್ಫ್ಟ್, ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನ ತಂಡಗಳು ಪ್ರಮುಖ ತಾಂತ್ರಿಕ ಲೋಪಗಳನ್ನು ಒಟ್ಟಿಗೆ ಮುಚ್ಚಿದವು. ಮೂವರು ಹಿರಿಯರಿಗೆ 2022ರ ನೊಬೆಲ್ ಬಂತು. ಡೆಲ್ಫ್ಟ್ ಪ್ರಯೋಗದಲ್ಲಿ ಎರಡು ಕೇಂದ್ರಗಳ ನಡುವಿನ ದೂರ 1.3 ಕಿ.ಮೀ. ಇತ್ತು. ಅದಕ್ಕೆ ಮೊದಲೇ, 2007ರಲ್ಲಿ, ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಿಂದ ಟೆನೆರಿಫ್‌ಗೆ 144 ಕಿ.ಮೀ. ಬಯಲು ಗಾಳಿಯಲ್ಲಿ ತಳುಕು ಉಳಿಯುತ್ತದೆ ಎಂದು ಯುರೋಪಿನ ತಂಡ ತೋರಿಸಿತ್ತು. ಭೂಮಿಯ ಗುಂಡಗಿನ ಮೈಯಿಂದಾಗಿ ನೆಲದ ಮೇಲೆ ಅದಕ್ಕಿಂತ ಹೆಚ್ಚು ದೂರ ನೇರವಾಗಿ ಕಾಣುವುದೇ ಕಷ್ಟ.

ಮುಂದಿನ ಹೆಜ್ಜೆ ಚೀನಾದ್ದು. ಪ್ರಾಚೀನ ಚೀನಾದ ಚಿಂತಕ ಮೋಜಿಯ ಹೆಸರು ಹೊತ್ತ, 600 ಕಿಲೋಗ್ರಾಂ ಮೀರಿದ ತೂಕದ ಉಪಗ್ರಹ 2016ರ ಆಗಸ್ಟ್ 16ರಂದು ಜಿಯುಕ್ವಾನ್‌ನಿಂದ ಹಾರಿ ಸುಮಾರು 500 ಕಿ.ಮೀ. ಎತ್ತರದ ಕಕ್ಷೆ ಸೇರಿತು. ಪಾನ್ ಜಿಯಾನ್‌ವೇ ನೇತೃತ್ವದ ತಂಡ ಮಾಡಿದ ಈ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಉಪಗ್ರಹದೊಳಗೆ 405 ನ್ಯಾನೋಮೀಟರಿನ ನೇರಳೆ ಲೇಸರ್ ಒಂದು ಹರಳನ್ನು ಹಾಯುತ್ತದೆ. ಅಲ್ಲಿ ಎಲ್ಲೋ ಒಮ್ಮೊಮ್ಮೆ ಒಂದು ಫೋಟಾನ್ ಒಡೆದು 810 ನ್ಯಾನೋಮೀಟರಿನ ಎರಡು ಫೋಟಾನ್‌ಗಳಾಗುತ್ತವೆ. ಇವುಗಳ ಧ್ರುವೀಕರಣಗಳು ತಳುಕು ಹಾಕಿಕೊಂಡಿರುತ್ತವೆ. ಸೆಕೆಂಡಿಗೆ 59 ಲಕ್ಷ ಜೋಡಿ ಹೊರಡುತ್ತವೆ. ಒಂದು ದೂರದರ್ಶಕ ಚಿಂಗ್‌ಹೈ ಪ್ರಸ್ಥಭೂಮಿಯ ಡೆಲಿಂಗ್ಹಾ ಕಡೆಗೆ, ಇನ್ನೊಂದು ಯುನಾನ್‌ನ ಲಿಜಿಯಾಂಗ್ ಕಡೆಗೆ ಮುಖ ಮಾಡಿರುತ್ತದೆ. ಎರಡೂ ಊರುಗಳ ನಡುವೆ 1,203 ಕಿ.ಮೀ. ಅಂತರ. ಉಪಗ್ರಹ ಹಾದುಹೋಗುವಾಗ ಎರಡೂ ಕೇಂದ್ರಗಳಿಗೆ ಅದು ಒಟ್ಟಿಗೆ ಕಾಣುವುದು ಕೆಲವೇ ನಿಮಿಷ, ಅದೂ ರಾತ್ರಿಯಲ್ಲಿ. ಅಷ್ಟರೊಳಗೆ ಮಾರ್ಗದರ್ಶಿ ಲೇಸರುಗಳ ನೆರವಿನಿಂದ ದೂರದರ್ಶಕಗಳು ಓಡುವ ಗುರಿಯನ್ನು ಬಿಡದೆ ಹಿಡಿದಿರಬೇಕು. ಹೊರಟ 59 ಲಕ್ಷ ಜೋಡಿಗಳಲ್ಲಿ ಎರಡೂ ತುದಿ ಸುರಕ್ಷಿತವಾಗಿ ತಲುಪಿದ್ದು ಸೆಕೆಂಡಿಗೆ ಸುಮಾರು ಒಂದು. ಒಟ್ಟು 1,059 ಸೆಕೆಂಡುಗಳ ಉಪಯುಕ್ತ ಸಮಯದಲ್ಲಿ ದಾಖಲಾದ 1,167 ಘಟನೆಗಳಿಂದ ಬಂದ ಮೌಲ್ಯ 2.37, ದೋಷದ ಅಂದಾಜು 0.09. ಬೆಲ್ ಮಿತಿ ನಾಲ್ಕು ಮಾನಕ ವಿಚಲನೆಗಳಷ್ಟು ಮುರಿದಿತ್ತು. 2017ರ ಜೂನ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದು ಯಾವ ವಿಚಾರವನ್ನು ಪಣಕ್ಕಿಟ್ಟಿತು? ಕಣಗಳು ಬಹುದೂರ ಬೇರ್ಪಟ್ಟಾಗ ತಳುಕು ತಾನಾಗಿ ಕಳಚಿಕೊಳ್ಳಬಹುದೇ ಎಂಬ ಸಂದೇಹವನ್ನು 1930ರ ದಶಕದಲ್ಲೇ ಶ್ರೋಡಿಂಗರ್ ಎತ್ತಿದ್ದರು. ಸಾವಿರ ಕಿಲೋಮೀಟರಿನ ಮಾಪನದಲ್ಲಿ ಹಾಗಾಗುವುದಿಲ್ಲ ಎಂದು ಮೋಜಿ ಉಪಗ್ರಹ ತೋರಿಸಿತು. ಎರಡೂ ಕಡೆಯ ಅಳತೆಗಳು ಎಷ್ಟು ದೂರದಲ್ಲಿ, ಎಷ್ಟು ಬೇಗ ನಡೆದವೆಂದರೆ ಒಂದರ ಸುದ್ದಿ ಬೆಳಕಿನ ವೇಗದಲ್ಲಿ ಹೋದರೂ ಇನ್ನೊಂದನ್ನು ಸಕಾಲಕ್ಕೆ ಮುಟ್ಟುವಂತಿರಲಿಲ್ಲ. ಆದರೆ ಬಂದ ಫೋಟಾನ್‌ಗಳು ಬಾರದವುಗಳ ನ್ಯಾಯಯುತ ಮಾದರಿ ಎಂದು ಇಲ್ಲಿ ನಂಬಬೇಕಾಯಿತು. ಲಕ್ಷಗಟ್ಟಲೆ ಕಳೆದುಹೋಗುವ ಮಾರ್ಗದಲ್ಲಿ ಆ ಲೋಪ ಮುಚ್ಚುವುದು ಸಾಧ್ಯವಿರಲಿಲ್ಲ. ಲೋಪರಹಿತತೆಯಲ್ಲಿ ನೆಲದ ಪ್ರಯೋಗಗಳೇ ಮುಂದಿವೆ, ದೂರದಲ್ಲಿ ಕಕ್ಷೆಯ ಪ್ರಯೋಗ ಮುಂದಿದೆ. ಎರಡನ್ನೂ ಬೆರೆಸಿ ಹೊಗಳಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಆಯ್ಕೆ ಮತ್ತು ಕಾಲಕ್ರಮ

ಬೆಲ್ ವಾದದಲ್ಲಿ ಇನ್ನೊಂದು ಊಹೆ ಅಡಗಿದೆ: ಏನನ್ನು ಅಳೆಯಬೇಕೆಂಬ ಆಯ್ಕೆ ಫೋಟಾನ್‌ಗಳ ಹುಟ್ಟಿನಿಂದ ಸ್ವತಂತ್ರವಾಗಿದೆ ಎಂಬುದು. ಯಾವುದೋ ಹಳೆಯ ಕಾರಣ ಎರಡನ್ನೂ ಮೊದಲೇ ನಿರ್ಧರಿಸಿಟ್ಟಿದ್ದರೆ ಬೆಲ್ ಮಿತಿ ಮುರಿದದ್ದರಿಂದ ಏನೂ ಸಾಬೀತಾಗುವುದಿಲ್ಲ. 2018ರಲ್ಲಿ ಲಾ ಪಾಲ್ಮಾದಲ್ಲಿ ನಡೆದ ಪ್ರಯೋಗ ಅಳತೆಯ ಆಯ್ಕೆಯನ್ನು ದೂರದ ಕ್ವೇಸಾರುಗಳ ಬೆಳಕಿಗೆ ಬಿಟ್ಟುಕೊಟ್ಟಿತು. ಒಂದರ ಬೆಳಕು 780 ಕೋಟಿ ವರ್ಷಗಳ ಹಿಂದೆ, ಇನ್ನೊಂದರದ್ದು 1,220 ಕೋಟಿ ವರ್ಷಗಳ ಹಿಂದೆ ಹೊರಟಿತ್ತು. ಒಳಸಂಚು ಇದ್ದರೆ ಅದು ಅಷ್ಟು ಹಿಂದೆಯೇ ನಡೆದಿರಬೇಕು ಎಂದಾಯಿತು. 2016ರ ನವೆಂಬರ್ 30ರಂದು ಸುಮಾರು 1 ಲಕ್ಷ ಜನ ಆಟದ ಮೂಲಕ ಒತ್ತಿದ ಸೊನ್ನೆ-ಒಂದುಗಳನ್ನು ಹಲವು ಖಂಡಗಳ ಪ್ರಯೋಗಾಲಯಗಳು ಆಯ್ಕೆಗಾಗಿ ಬಳಸಿದವು. ಆದರೆ ಮನುಷ್ಯ ಯೋಚಿಸಿ ಗುಂಡಿ ಒತ್ತಲು ಸೆಕೆಂಡಿನ ಗಣನೀಯ ಪಾಲು ಬೇಕು. ನೆಲದ ಮೇಲಿನ ಯಾವ ಎರಡು ಊರುಗಳ ನಡುವೆಯೂ ಬೆಳಕು ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಚಂದ್ರನಿಗೆ ಬೆಳಕು ಹೋಗಲು 1.28 ಸೆಕೆಂಡು ಬೇಕು. ಒಬ್ಬ ಪ್ರಯೋಗಕಾರ ಇಲ್ಲಿ, ಇನ್ನೊಬ್ಬ ಚಂದ್ರನ ಬಳಿ ಇದ್ದು ಇಬ್ಬರೂ ಕೈಯಾರೆ ಆಯ್ಕೆ ಮಾಡಿದರೆ ಮಾತ್ರ ಮಾನವ ಆಯ್ಕೆಯ ಬೆಲ್ ಪರೀಕ್ಷೆ ಪೂರ್ಣವಾಗುತ್ತದೆ. ಅಂಥ ಮಾರ್ಗದಲ್ಲಿ ಆಗುವ ಅಗಾಧ ನಷ್ಟವನ್ನು ಪ್ರಯೋಗಾಲಯದಲ್ಲಿ ಅನುಕರಿಸಿ, 103 ಡೆಸಿಬೆಲ್ ನಷ್ಟದ ನಡುವೆಯೂ ಬೆಲ್ ಮಿತಿ ಮುರಿಯುವುದನ್ನು ಚೀನಾದ ತಂಡ 2018ರಲ್ಲಿ ತೋರಿಸಿದೆ.

ಅಳತೆಯ ಆಯ್ಕೆಯನ್ನು ಬೆಳಕು ದಾರಿಯಲ್ಲಿರುವಾಗ ಮುಂದೂಡುವ ವೀಲರ್ ಅವರ ವಿಚಾರಪ್ರಯೋಗವನ್ನೂ ಆಕಾಶಕ್ಕೆ ಒಯ್ಯಲಾಗಿದೆ. ಇಟಲಿಯ ಮತೇರಾ ವೀಕ್ಷಣಾಲಯದಿಂದ ಹೊರಟ ಮಂದ ಬೆಳಕು ಬೀಕನ್-ಸಿ ಮತ್ತು ಸ್ಟಾರ್ಲೆಟ್ ಉಪಗ್ರಹಗಳ ಪ್ರತಿಫಲಕಗಳಿಗೆ ತಾಗಿ ಹಿಂದಿರುಗಿತು. ಹೋಗಿಬರುವ ದಾರಿ 3,500 ಕಿ.ಮೀ.ವರೆಗೂ ಇತ್ತು. ಫೋಟಾನನ್ನು ಅಲೆಯಾಗಿ ಅಳೆಯಬೇಕೋ ಕಣವಾಗಿ ಅಳೆಯಬೇಕೋ ಎಂಬುದನ್ನು ಅದು ದಾರಿಯಲ್ಲಿರುವಾಗಲೇ ಯಾದೃಚ್ಛಿಕವಾಗಿ ತೀರ್ಮಾನಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶ, ಫೋಟಾನ್ ಹೊರಡುವಾಗಲೇ ತನ್ನ ರೂಪವನ್ನು ನಿಶ್ಚಯಿಸಿಕೊಂಡಿರುತ್ತದೆ ಎಂಬ ಸರಳ ಚಿತ್ರಣವನ್ನು ತಳ್ಳಿಹಾಕಿತು. 1965 ಮತ್ತು 1975ರಲ್ಲಿ ಬೇರೆ ಕೆಲಸಕ್ಕಾಗಿ ಹಾರಿಸಿದ ಉಪಗ್ರಹಗಳು, ಮೈಮೇಲಿನ ಕನ್ನಡಿಗಳಷ್ಟರಿಂದಲೇ, ಈ ಕೆಲಸಕ್ಕೆ ಒದಗಿದವು. ಒಳ್ಳೆಯ ಪ್ರಶ್ನೆ ಇದ್ದರೆ ದುಬಾರಿ ಉಪಕರಣ ಅನಿವಾರ್ಯವಲ್ಲ ಎಂಬುದಕ್ಕೆ ಇದು ಸಾಕ್ಷಿ. ಕಕ್ಷೆಯ ವೇಗವೂ ಒಂದು ಪ್ರಶ್ನೆಯನ್ನು ಎತ್ತುತ್ತದೆ. ಅಳತೆಯಾದೊಡನೆ ಜೋಡಿಯ ಸ್ಥಿತಿ ಕುಸಿಯುತ್ತದೆ ಎನ್ನುವುದಾದರೆ ಯಾವ ಅಳತೆ ಮೊದಲು? ಸಾಪೇಕ್ಷತೆಯ ಪ್ರಕಾರ ಉತ್ತರ ನೋಡುಗನ ಚಲನೆಯನ್ನು ಅವಲಂಬಿಸಿದೆ. ಸೆಕೆಂಡಿಗೆ 7.6 ಕಿ.ಮೀ. ವೇಗದಲ್ಲಿ, 1,000 ಕಿ.ಮೀ. ಅಂತರದಲ್ಲಿ, ಈ ಕ್ರಮದ ಗೊಂದಲ ಸುಮಾರು 80 ನ್ಯಾನೋಸೆಕೆಂಡಿನಷ್ಟು. ಅಷ್ಟು ನಿಖರವಾಗಿ ಗಡಿಯಾರ ಹೊಂದಿಸಿದರೆ, ದೂರ ಸರಿಯುತ್ತಿರುವ ಎರಡು ಉಪಗ್ರಹಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಅಳತೆ ಮೊದಲಿನದಾಗುವಂತೆ ಮಾಡಬಹುದು. ಕುಸಿತವನ್ನು ನಿಜವಾದ ಭೌತಿಕ ಘಟನೆ ಎಂದು ಭಾವಿಸಿ ಅಳತೆಯ ಸಾಧನದ ಚಲನೆಗೆ ಅದನ್ನು ಕಟ್ಟುವ ಮಾದರಿಗಳಿಗೆ ಇದು ನೇರ ಸವಾಲು.

ಗುರುತ್ವದ ಎದುರು ಒಂದು ಫೋಟಾನ್

ಈವರೆಗೆ ಹೇಳಿದ ಪ್ರಯೋಗಗಳಲ್ಲಿ ಬಾಹ್ಯಾಕಾಶವೆಂದರೆ ದೊಡ್ಡ ಅಂಗಳ ಮಾತ್ರ. ಗುರುತ್ವಕ್ಕೆ ಅಲ್ಲಿ ಪಾತ್ರವಿಲ್ಲ. ಕ್ಷೇತ್ರದ ಹೃದಯ ಇರುವುದು ಗುರುತ್ವ ಒಳಬರುವ ಕಡೆ. 1975ರಲ್ಲಿ ಕೊಲೆಲ್ಲ, ಓವರ್‌ಹೌಸರ್, ವರ್ನರ್ ಮೂವರೂ ಒಂದು ನ್ಯೂಟ್ರಾನಿನ ಅಲೆಯನ್ನು ಮೇಲಿನ ಮತ್ತು ಕೆಳಗಿನ ಎರಡು ದಾರಿಗಳಲ್ಲಿ ಒಟ್ಟಿಗೆ ಹಾಯಿಸಿ, ಭೂಮಿಯ ಗುರುತ್ವ ಅವುಗಳ ಪ್ರಾವಸ್ಥೆಯಲ್ಲಿ ಉಂಟುಮಾಡುವ ವ್ಯತ್ಯಾಸವನ್ನು ಅಳೆದರು. ಆದರೆ ಅಲ್ಲಿ ನ್ಯೂಟನ್ನನ ಗುರುತ್ವವೇ ಸಾಕಾಗಿತ್ತು. ಫೋಟಾನಿಗೆ ದ್ರವ್ಯರಾಶಿಯಿಲ್ಲ, ಅದರ ಪ್ರಾವಸ್ಥೆ ಬದಲಾದರೆ ಕಾರಣ ಐನ್‌ಸ್ಟೈನ್ ಹೇಳಿದ ಕಾಲದ ವ್ಯತ್ಯಾಸವೇ ಆಗಿರುತ್ತದೆ. ಲೆಕ್ಕ ಹಾಕಿ ನೋಡಬಹುದು. 6 ಕಿ.ಮೀ. ಉದ್ದದ ಫೈಬರ್ ಸುರುಳಿಯನ್ನು ಹಾಯಲು ಬೆಳಕಿಗೆ ಸುಮಾರು 30 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ 800 ನ್ಯಾನೋಮೀಟರಿನ ಅಲೆ ಸುಮಾರು 1,100 ಕೋಟಿ ಸಲ ಕಂಪಿಸುತ್ತದೆ. 500 ಕಿ.ಮೀ. ಎತ್ತರದಲ್ಲಿ, ಗುರುತ್ವವೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಗಡಿಯಾರ ನೆಲದಲ್ಲಿರುವುದಕ್ಕಿಂತ ಸುಮಾರು 2,000 ಕೋಟಿಯಲ್ಲಿ ಒಂದು ಪಾಲು ವೇಗವಾಗಿ ನಡೆಯುತ್ತದೆ. ಒಂದು ಫೋಟಾನನ್ನು ನೆಲದ ಸುರುಳಿ ಮತ್ತು ಉಪಗ್ರಹದ ಸುರುಳಿ ಎರಡರಲ್ಲೂ ಹಾಯುವ ಅಧ್ಯಾರೋಪಿತ ಸ್ಥಿತಿಯಲ್ಲಿಟ್ಟರೆ, ಎರಡು ದಾರಿಗಳ ನಡುವೆ ಹೆಚ್ಚುಕಡಿಮೆ ಅರ್ಧ ಕಂಪನದ ವ್ಯತ್ಯಾಸ ಬರುತ್ತದೆ. ಬೆಳಕಿನ ಪಟ್ಟಿ ಇದ್ದ ಕಡೆ ಕತ್ತಲ ಪಟ್ಟಿ ಬರುವಷ್ಟು ದೊಡ್ಡ ಬದಲಾವಣೆ ಅದು.

ತೊಡಕು ಬೇರೆ ಕಡೆ ಇದೆ. ಉಪಗ್ರಹದ ಓಟದಿಂದ ಬರುವ ಡಾಪ್ಲರ್ ಪರಿಣಾಮ ಈ ಗುರುತ್ವ ಸಂಕೇತಕ್ಕಿಂತ ಸುಮಾರು 5 ಲಕ್ಷ ಪಟ್ಟು ದೊಡ್ಡದು. ಒಂದೇ ಬೆಳಕನ್ನು ನೆಲದಲ್ಲೂ ಉಪಗ್ರಹದಲ್ಲೂ ಅಳೆದು, ಮೇಲಕ್ಕೆ ಹೋದದ್ದನ್ನೂ ಕೆಳಕ್ಕೆ ಬಂದದ್ದನ್ನೂ ಹೋಲಿಸಿ ಡಾಪ್ಲರ್ ಭಾಗವನ್ನು ಕಳೆದುಹಾಕುವ ವಿಧಾನಗಳು ಪ್ರಸ್ತಾಪವಾಗಿವೆ. ಮತೇರಾದ ತಂಡ 2016ರಲ್ಲಿ, ಉಪಗ್ರಹದಿಂದ ಹಿಂದಿರುಗಿದ ಒಂಟಿ ಫೋಟಾನ್ ಮಟ್ಟದ ಬೆಳಕಿನಲ್ಲೂ ವ್ಯತಿಕರಣ ಉಳಿಯುತ್ತದೆ, ಅದರ ಪ್ರಾವಸ್ಥೆ ಉಪಗ್ರಹದ ವೇಗಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ತೋರಿಸಿ ಈ ದಾರಿಯ ಮೊದಲ ಮೆಟ್ಟಿಲು ಹಾಕಿದೆ.

ಪರ್ಯಾಯ ಸಿದ್ಧಾಂತವೊಂದನ್ನು ನೇರವಾಗಿ ಪಣಕ್ಕಿಟ್ಟ ಮೊದಲ ಪ್ರಯೋಗ 2019ರದ್ದು. ಸಾಪೇಕ್ಷತೆಯ ಗಣಿತದಲ್ಲಿ ತನ್ನ ಭೂತಕಾಲಕ್ಕೇ ಮರಳುವ ಹಾದಿಗಳಿಗೆ ಅವಕಾಶವಿದೆ. ಅಂಥ ಹಾದಿಗಳಿದ್ದರೂ ಕ್ವಾಂಟಂ ಸಿದ್ಧಾಂತ ಅಸಂಗತವಾಗದಂತೆ ಅದನ್ನು ತಿದ್ದಿ ಬರೆಯುವ ಪ್ರಯತ್ನದಲ್ಲಿ ಆಸ್ಟ್ರೇಲಿಯಾದ ಟಿಮ್ ರಾಲ್ಫ್ ಮತ್ತು ಸಂಗಡಿಗರು ಒಂದು ಮಾದರಿ ಕಟ್ಟಿದ್ದರು. ತಳುಕು ಹಾಕಿಕೊಂಡ ಜೋಡಿಯಲ್ಲಿ ಒಂದು ಫೋಟಾನ್ ನೆಲದಲ್ಲೇ ಉಳಿದು ಇನ್ನೊಂದು ಬೇರೆ ಗುರುತ್ವದ ಎತ್ತರಕ್ಕೆ ಏರಿದರೆ ಅವುಗಳ ನಂಟು ಭಾಗಶಃ ಅಳಿಯಬೇಕು ಎಂದು ಆ ಮಾದರಿ ಹೇಳಿತು. ಸಾಮಾನ್ಯ ಕ್ವಾಂಟಂ ಸಿದ್ಧಾಂತದ ಪ್ರಕಾರ ಅಳಿಯಬಾರದು. ಟಿಬೆಟಿನಲ್ಲಿ 5,000 ಮೀಟರಿಗೂ ಎತ್ತರದ ನ್ಗಾರಿ ಕೇಂದ್ರದಲ್ಲಿ ಜೋಡಿಗಳನ್ನು ಹುಟ್ಟಿಸಿ, ಒಂದನ್ನು ಅಲ್ಲೇ ಇಟ್ಟುಕೊಂಡು ಇನ್ನೊಂದನ್ನು ಮೋಜಿ ಉಪಗ್ರಹಕ್ಕೆ ಕಳಿಸಲಾಯಿತು. ನಂಟು ಅಳಿಯಲಿಲ್ಲ. ಮಾದರಿಯ ಪ್ರಬಲ ರೂಪ ಬಿದ್ದುಹೋಯಿತು. ದುರ್ಬಲ ರೂಪವೊಂದು ಉಳಿದಿದ್ದು, ಅದನ್ನು ಪರೀಕ್ಷಿಸಲು ಇನ್ನೂ ಎತ್ತರದ ಕಕ್ಷೆ ಬೇಕು. ದೂರದ ದಾಖಲೆಯಾಗಿ ನೋಡಿದರೆ ಈ ಪ್ರಯೋಗ ಸಾಧಾರಣ. ಆದರೆ ಇಲ್ಲಿ ಒಂದು ಸಿದ್ಧಾಂತ ತನ್ನ ಅಂಕಿಯನ್ನು ಮೊದಲೇ ಹೇಳಿತ್ತು, ಪ್ರಯೋಗ ಆ ಅಂಕಿಯನ್ನು ಮುಟ್ಟುವಷ್ಟು ಸೂಕ್ಷ್ಮವಾಗಿತ್ತು, ತೀರ್ಪು ಸ್ಪಷ್ಟವಾಗಿ ಬಂತು. ಈ ಕಾರಣಕ್ಕೆ 2017ರ ಪ್ರಸಿದ್ಧ ಪ್ರಯೋಗಕ್ಕಿಂತ ಇದನ್ನೇ ಕ್ಷೇತ್ರದ ಮಾದರಿಯೆಂದು ಎತ್ತಿ ಹಿಡಿಯಬೇಕು.

ಆಕ್ಷೇಪಗಳು

ಮೊದಲ ಆಕ್ಷೇಪ: ಈ ಪ್ರಯೋಗಗಳ ಉತ್ತರ ಮೊದಲೇ ಗೊತ್ತು, ಪ್ರತಿ ಸಲವೂ ಕ್ವಾಂಟಂ ಸಿದ್ಧಾಂತವೇ ಗೆಲ್ಲುತ್ತದೆ. ಗೆಲ್ಲುತ್ತ ಬಂದಿದೆ ಎಂಬುದು ನಿಜ, ಆದರೆ ಪರೀಕ್ಷಿಸದ ಸೀಮೆಗೆ ಆ ಗೆಲುವನ್ನು ಎಳೆದು ಹಬ್ಬಿಸುವುದು ಊಹೆಯೇ ಹೊರತು ಜ್ಞಾನವಲ್ಲ. 1887ರ ಮೈಕೆಲ್ಸನ್-ಮಾರ್ಲಿ ಪ್ರಯೋಗ ಈಥರಿನ ಗಾಳಿಯನ್ನು ಹುಡುಕಿ ಬರಿಗೈಲಿ ಮರಳಿತು. ಆ ಬರಿಗೈ ಭೌತಶಾಸ್ತ್ರದ ದಿಕ್ಕು ಬದಲಿಸಿತು. ಶೂನ್ಯ ಫಲಿತಾಂಶಕ್ಕೆ ಬೆಲೆ ಬರುವುದು ಅದು ಯಾವುದನ್ನು ಅಸಾಧ್ಯವಾಗಿಸಿತು ಎಂಬುದರಿಂದ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಗುರುತ್ವದ ಕ್ವಾಂಟಂ ಸ್ವರೂಪ ಕಾಣಬೇಕಾದ್ದು ಊಹೆಗೂ ನಿಲುಕದಷ್ಟು ಕಿರಿದಾದ ಪ್ಲಾಂಕ್ ಮಾಪನದಲ್ಲಿ, ಕಕ್ಷೆಯಲ್ಲಿ ಒಂದು ಫೋಟಾನ್ ಓಡಾಡಿದರೆ ಅದು ಬಯಲಾಗುವುದಿಲ್ಲ. ಈ ಪ್ರಯೋಗಗಳು ಗುರುತ್ವವನ್ನು ಕ್ವಾಂಟಂ ಎಂದು ಸಾಧಿಸುವುದಿಲ್ಲ ಎಂದು ಒಪ್ಪಲೇಬೇಕು. ಅವು ಕೇಳುವ ಪ್ರಶ್ನೆ ಬೇರೆ: ಬಾಗಿದ ದೇಶಕಾಲದಲ್ಲಿ ಅಧ್ಯಾರೋಪ ಮತ್ತು ತಳುಕು ನಾವು ತಿಳಿದಂತೆಯೇ ಉಳಿಯುತ್ತವೆಯೇ? ವಿಚಲನೆ ಪ್ಲಾಂಕ್ ಮಾಪನದಲ್ಲೇ ಕಾಣಬೇಕೆಂಬ ನಿಯಮವನ್ನೂ ಯಾರೂ ಸಾಧಿಸಿಲ್ಲ. 1859ರಲ್ಲಿ ಲೆವೆರಿಯೆ ಬುಧಗ್ರಹದ ಕಕ್ಷೆಯಲ್ಲಿ ಗುರುತಿಸಿದ, ನ್ಯೂಟನ್ನನ ಲೆಕ್ಕಕ್ಕೆ ಸಿಗದ ಸೂಕ್ಷ್ಮ ಸರಿತ ಸಾಧಾರಣ ದೂರದರ್ಶಕಗಳಿಗೆ ಕಂಡದ್ದೇ. 1915ರಲ್ಲಿ ಅದೇ ಸಾರ್ವತ್ರಿಕ ಸಾಪೇಕ್ಷತೆಗೆ ಮೊದಲ ಸಾಕ್ಷಿಯಾಯಿತು.

ಮೂರನೆಯ ಆಕ್ಷೇಪ: ಕಾಲದ ಗುರುತ್ವ ವ್ಯತ್ಯಾಸವನ್ನು ಗಡಿಯಾರಗಳು ಈಗಾಗಲೇ ಇದಕ್ಕಿಂತ ಚೆನ್ನಾಗಿ ಅಳೆದಿವೆ, ಒಂಟಿ ಫೋಟಾನಿನ ಪ್ರಾವಸ್ಥೆಯನ್ನು ಸಾಮಾನ್ಯ ಬೆಳಕಿನ ಅಲೆಯೂ ವಿವರಿಸುತ್ತದೆ. 1976ರ ಗ್ರಾವಿಟಿ ಪ್ರೋಬ್-ಎ 10,000 ಕಿ.ಮೀ. ಎತ್ತರದಲ್ಲಿ ಈ ವ್ಯತ್ಯಾಸವನ್ನು ಶೇಕಡ 0.007ರ ನಿಖರತೆಯಲ್ಲಿ ಪರಿಶೀಲಿಸಿತ್ತು. ಆಕ್ಷೇಪ ಅರ್ಧ ಸರಿ. ಪ್ರಾವಸ್ಥೆಯೊಂದನ್ನೇ ಅಳೆದರೆ ಹೊಸದಾಗಿ ಸಿಗುವುದು ಕಡಿಮೆ. ಆದ್ದರಿಂದಲೇ ಮಗ್ಡಲೇನಾ ಝಿಕ್ ಮತ್ತು ಸಂಗಡಿಗರು 2012ರಲ್ಲಿ ಮುಂದಿಟ್ಟ ಪರೀಕ್ಷೆ ಮಹತ್ವದ್ದು: ಎರಡು ದಾರಿಗಳ ಕಾಲವ್ಯತ್ಯಾಸ ಫೋಟಾನಿನ ಮಿಡಿತದ ಅವಧಿಯನ್ನು ಮೀರಿದರೆ, ತಲುಪಿದ ಹೊತ್ತೇ ದಾರಿಯ ಗುಟ್ಟು ಹೇಳಿಬಿಡುತ್ತದೆ, ವ್ಯತಿಕರಣದ ಪಟ್ಟಿಗಳು ಮಸುಕಾಗಬೇಕು. ಆ ಮಸುಕನ್ನು ವಿವರಿಸಲು ಅಧ್ಯಾರೋಪವೂ ಬೇಕು, ಗುರುತ್ವ ಕಾಲವನ್ನು ಬದಲಿಸುತ್ತದೆಂಬ ತತ್ತ್ವವೂ ಬೇಕು. ಅದಕ್ಕೆ ಬೇಕಾದ ಉಪಕರಣ ಇಂದಿನ ಶಕ್ತಿಗೆ ಮೀರಿದೆ. ಗುರಿ ಯಾವುದೆಂಬುದು ಮಾತ್ರ ಸ್ಪಷ್ಟವಾಗಿದೆ. ನಾಲ್ಕನೆಯ ಆಕ್ಷೇಪ ಹಣದ್ದು: ಈ ಉಪಗ್ರಹಗಳು ಹಾರುವುದು ಗುಪ್ತಸಂವಹನಕ್ಕಾಗಿ, ಭೌತಶಾಸ್ತ್ರ ಬರಿಯ ಜತೆಪ್ರಯಾಣಿಕ. ವಾಸ್ತವ ಬಹುಮಟ್ಟಿಗೆ ಹಾಗೆಯೇ ಇದೆ, ಹಾಗೂ ಅದರಲ್ಲಿ ಅಪಾಯವೂ ಇದೆ. ಸಂವಹನಕ್ಕೆ ಕೆಳಗಿನ ಕಕ್ಷೆ ಒಪ್ಪುತ್ತದೆ. ಗುರುತ್ವದ ಪರೀಕ್ಷೆಗೆ ಎತ್ತರದ ಅಥವಾ ಉದ್ದನೆಯ ದೀರ್ಘವೃತ್ತದ ಕಕ್ಷೆ ಬೇಕು. ಜತೆಪ್ರಯಾಣಿಕನಾಗಿಯೇ ಉಳಿದರೆ ಅತಿ ಮುಖ್ಯ ಪ್ರಶ್ನೆಗಳು ಎಂದೂ ಸರದಿಗೆ ಬರುವುದಿಲ್ಲ.

ಭಾರತದ ನೆಲೆ

ಈ ಎಚ್ಚರಿಕೆ ಭಾರತಕ್ಕೂ ಸಲ್ಲುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯ ಇಸ್ರೋ ಜತೆಗೂಡಿ ಉಪಗ್ರಹ ಆಧಾರಿತ ಕ್ವಾಂಟಂ ಪ್ರಯೋಗಗಳ ಯೋಜನೆಯನ್ನು ನಡೆಸಿದೆ. 2021ರಲ್ಲಿ ಅಲ್ಲಿನ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ಕ್ವಾಂಟಂ ಕೀಲಿ ಹಂಚಿಕೆಯನ್ನು ತೋರಿಸಲಾಯಿತು. 2023ರಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು, 2,000 ಕಿ.ಮೀ. ಅಂತರದ ನೆಲಕೇಂದ್ರಗಳ ನಡುವೆ ಉಪಗ್ರಹದ ಮೂಲಕ ಸುರಕ್ಷಿತ ಸಂವಹನ ಅದರ ಗುರಿಗಳಲ್ಲೊಂದು. ಮೂಲ ತತ್ತ್ವಗಳನ್ನು ಪರೀಕ್ಷಿಸಿದ ಅನುಭವ ಈ ಗುಂಪಿಗೆ ಮೊದಲೇ ಇದೆ. ಕ್ವಾಂಟಂ ಸಂಭವನೀಯತೆಯ ನಿಯಮವನ್ನೇ ಒರೆಗೆ ಹಚ್ಚಿದ, ಕೆನಡಾದಲ್ಲಿ ನಡೆದ ಮೂರು ಸೀಳುಗಳ ಪ್ರಯೋಗವನ್ನು 2010ರಲ್ಲಿ ಪ್ರಕಟಿಸಿದವರಲ್ಲಿ ಸಿನ್ಹಾ ಮೊದಲಿಗರು. ಸಂವಹನಕ್ಕೆಂದು ಕಟ್ಟುವ ಉಪಗ್ರಹದಲ್ಲಿ ಒಂದು ಗುರುತ್ವ ಪರೀಕ್ಷೆಗೆ ಮೊದಲ ದಿನದಿಂದಲೇ ಜಾಗ ಕಾದಿರಿಸಿದರೆ, ಭಾರತ ಬೇರೆಯವರ ದಾಖಲೆಯನ್ನು ಹಿಂಬಾಲಿಸುವ ಬದಲು ಯಾರೂ ಉತ್ತರಿಸದ ಪ್ರಶ್ನೆಯೊಂದನ್ನು ಕೈಗೆತ್ತಿಕೊಳ್ಳಬಹುದು.

ಮುಂದಿನ ಯೋಜನೆಗಳನ್ನು ತೂಗಲು ಮೂರು ಪ್ರಶ್ನೆಗಳು ಸಾಕು. ಯಾವ ಪರ್ಯಾಯ ಸಿದ್ಧಾಂತ ಪಣದಲ್ಲಿದೆ? ಅದು ಯಾವ ಅಂಕಿಯಲ್ಲಿ ಸಾಮಾನ್ಯ ಕ್ವಾಂಟಂ ಸಿದ್ಧಾಂತದಿಂದ ಬೇರೆಯಾಗುತ್ತದೆ? ಡಾಪ್ಲರ್, ಗಾಳಿಯ ಅಲುಗಾಟ, ಶೋಧಕಗಳ ಗದ್ದಲ ಎಲ್ಲವನ್ನೂ ಕಳೆದ ಮೇಲೆ ಆ ಅಂಕಿಯನ್ನು ಉಪಕರಣ ಮುಟ್ಟಬಲ್ಲುದೇ? ಮೂರಕ್ಕೂ ಹಾರಾಟದ ಮೊದಲೇ ಬರಹದಲ್ಲಿ ಉತ್ತರ ಕೊಡುವ ಯೋಜನೆ, ಫಲಿತಾಂಶ ಯಾವ ಕಡೆ ಬಂದರೂ, ಭೌತಶಾಸ್ತ್ರಕ್ಕೆ ಲಾಭವನ್ನೇ ತರುತ್ತದೆ. ಅಂಥ ಲಾಭ ಸಾಧ್ಯ ಎಂದು ಮೋಜಿಯ 2019ರ ಪ್ರಯೋಗ ಈಗಾಗಲೇ ತೋರಿಸಿಕೊಟ್ಟಿದೆ. ಎತ್ತರದ ಕಕ್ಷೆಯಲ್ಲಿ ಅದೇ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಕೇಳುವುದು ಈ ಕ್ಷೇತ್ರದ ಮುಂದಿರುವ ಮೊದಲ ಕೆಲಸ.